ನಕ್ಷತ್ರವಿಲ್ಲದ ರಿಪೋರ್ಟು

ಆ ಶಾಲೆಯಲ್ಲಿ ಎರಡನೇ ಕ್ಲಾಸು ಮೂರನೇ ಮಹಡಿಯಲ್ಲಿತ್ತು. ಅಷ್ಟು ಚಿಕ್ಕ ಮಕ್ಕಳನ್ನು ಅಷ್ಟು ಎತ್ತರಕ್ಕೆ ಏರಿಸಿದ್ದೇಕೆ ಎಂದು ಯಾರು ಕೇಳಿದರೂ ಹೆಡ್‌ಮಿಸ್ ಕೊಡುತ್ತಿದ್ದ ಉತ್ತರ ಒಂದೇ: “ಮೊದಲಿಂದ ಹಾಗೇ ಇದೆ.” ಮಕ್ಕಳಿಗೇನೂ ತೊಂದರೆಯಿರಲಿಲ್ಲ. ಅವು ಮೆಟ್ಟಿಲುಗಳನ್ನು ಎರಡೆರಡಾಗಿ ನುಂಗಿಕೊಂಡು ಹೋಗುತ್ತಿದ್ದವು. ತೊಂದರೆಯಿದ್ದದ್ದು ಅವರ ಟೀಚರಿಗೆ.

ಮೊದಲ ಮಹಡಿಗೆ ಬರುವಷ್ಟರಲ್ಲಿ ಅವಳ ಎದೆ ಡವಗುಟ್ಟುತ್ತಿತ್ತು. ಎರಡನೆಯದಕ್ಕೆ ಬಂದಾಗ ಕಣ್ಣ ಮುಂದೆ ಹಾಡಹಗಲೇ ಮಿಂಚುಹುಳುಗಳು. ಮೂರನೆಯದರಲ್ಲಿ ಬಾಗಿಲಿನ ಚೌಕಟ್ಟು ಹಿಡಿದು ನಿಂತರೆ ಒಳಗಿನಿಂದ “ಗುಡ್ ಮಾರ್ನಿಂಗ್ ಮಿ...ಸ್” ಎಂಬ ರಾಗ, ಇವಳ ಕಡೆಯಿಂದ ಕೈಸನ್ನೆ ಮಾತ್ರ. ಮಾತು ಮೇಲೇರಿ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕು, ಅದು ಇನ್ನೂ ಎರಡನೇ ಮಹಡಿಯಲ್ಲೇ ಇರುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಟೀಚರ್ ಆಟ ಆಡುವಾಗ ಮೊದಲು ಬಾಗಿಲು ಹಿಡಿದು ಹಾಹ್ ಹಾಹ್ ಎಂದು ಏದುಸಿರು ಬಿಟ್ಟು, ಆಮೇಲೆ ಪಾಠ ಶುರುಮಾಡುತ್ತಿದ್ದಳು. ಟೀಚರ್ ಎಂದರೆ ಹಾಗೇ ಇರಬೇಕು ಎಂದು ಆ ಕೂಸು ತಿಳಿದಿತ್ತು.

ಟೀಚರಿಗೆ ವಯಸ್ಸು ಮೂವತ್ತನಾಲ್ಕು. ಬೆಲ್ಲಾದ ಮೇಲೆ ಕ್ಲಾಸಿಗೆ ತಲುಪಿದ್ದಕ್ಕೆ ಎರಡು ಮೆಮೊ ಆಗಲೇ ಬಂದಿದ್ದವು. ತನ್ನ ಕ್ಲಾಸನ್ನು ಕೆಳಗೆ ಹಾಕಿಕೊಡಿ ಎಂದು ಕೇಳಲು ಅವಳು ಹೆಡ್‌ಮಿಸ್ ಕೋಣೆಗೆ ಹೋದಳು.

“ಮೂರೇ ಮಹಡಿ ತಾನೇ ಮಿಸ್? ನಿಮ್ಮನ್ನೇನು ಕೋರ್ಟಿನ ಮೆಟ್ಟಿಲು ಹತ್ತಿ ಅಂದಿದ್ದೀನಾ?” ಎಂದರು ಹೆಡ್‌ಮಿಸ್. ಅವರು ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೆ ಪೆನ್ನಿನಿಂದ ಮೇಜಿನ ಮೇಲೊಂದು ಪೂರ್ಣವಿರಾಮ ಕುಟ್ಟುತ್ತಿದ್ದರು. “ಡಾಕ್ಟರ ಹತ್ರ ಕಾಗದ ತನ್ನಿ. ಇಂಥಾ ಕಾಯಿಲೆ, ಮೆಟ್ಟಿಲು ಹತ್ತಬಾರದು ಅಂತ ಸ್ಪಷ್ಟವಾಗಿ ಬರೆದಿರಬೇಕು. ತಂದ್ರೆ ಕೆಳಗಿನ ಸ್ಟೋರ್ ರೂಮ್ ಖಾಲಿ ಮಾಡಿಸಿ ಕೊಡ್ತೀನಿ. ಇಲ್ಲಾಂದ್ರೆ ಮೂರನೇ ಮೆಮೊ. ಆಮೇಲೆ ನಿಮ್ಮ ಕ್ಲಾಸನ್ನ ಬೇರೆಯವರಿಗೆ ಕೊಡ್ಬೇಕಾಗುತ್ತೆ, ನನ್ನನ್ನ ಅನ್ಬೇಡಿ.” ಕುಟ್.

ಕಾಗದ ತಾನೇ, ಅದೇನು ಮಹಾ ಎಂದುಕೊಂಡಳು ಟೀಚರ್. ಮೈಯಲ್ಲಿ ಶಕ್ತಿಯಿಲ್ಲ ಎನ್ನುವುದಕ್ಕೆ ಮೈಗಿಂತ ದೊಡ್ಡ ಸಾಕ್ಷಿ ಬೇಕೆ? ಬೇಕಿತ್ತು.

ಅವರ ಮನೆಯ ಡಾಕ್ಟರಿಗೆ ಅವಳು ಮನಸ್ಸಿನಲ್ಲೇ ನಕ್ಷತ್ರದ ಡಾಕ್ಟರು ಎಂದು ಹೆಸರಿಟ್ಟಿದ್ದಳು. ಲ್ಯಾಬಿನ ರಿಪೋರ್ಟಿನಲ್ಲಿ ಯಾವ ಅಂಕಿ ಏರುಪೇರಾಗಿದೆಯೋ ಅದರ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಬಿದ್ದಿರುತ್ತದೆ. ಡಾಕ್ಟರು ಕಾಗದವನ್ನು ತೋಳಿನುದ್ದಕ್ಕೆ ಹಿಡಿದು, ಗದ್ದವನ್ನು ಕತ್ತಿನೊಳಗೆ ಸೇರಿಸಿ, ನಕ್ಷತ್ರಗಳನ್ನು ಮಾತ್ರ ಎಣಿಸುತ್ತಿದ್ದರು. ಇವಳ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಹುಡುಕಿದರು.

“ಒಂದೂ ಇಲ್ಲ. ಎಲ್ಲಾ ನಾರ್ಮಲ್.”

“ಆದ್ರೆ ಸುಸ್ತು ಡಾಕ್ಟ್ರೇ. ಮೆಟ್ಟಿಲು ಹತ್ತೋಕಾಗಲ್ಲ, ತಲೆ ಸುತ್ತುತ್ತೆ, ಕೂದಲು ಉದುರುತ್ತೆ.”

“ಈಗಿನ ನೀರೇ ಹಾಗೆ.”

“ತಿಂಗಳು ತಿಂಗಳೂ ತುಂಬಾ ಹೋಗುತ್ತೆ. ವಾರವಾದ್ರೂ ನಿಲ್ಲಲ್ಲ.”

“ಹೆಂಗಸರಿಗೆ ಇರೋದೇ ಅಲ್ವೇನಮ್ಮಾ.”

ಟೀಚರ್ ಸಂಕೋಚ ಬಿಟ್ಟು ಕೊನೆಯದನ್ನೂ ಹೇಳಿದಳು. “ಸೀಮೆಸುಣ್ಣ ತಿನ್ನಬೇಕು ಅನ್ಸುತ್ತೆ. ತಿಂತೀನಿ ಕೂಡ.”

“ಟೀಚರ್ ಅಲ್ವಾ!” ಎಂದು ಡಾಕ್ಟರು ಗಹಗಹಿಸಿದರು. ತಮ್ಮ ಜೋಕಿಗೆ ತಾವೇ ಮೆಚ್ಚಿ ಚೀಟಿ ಬರೆದರು. ಅವಳು ಹೊರಗೆ ಬಂದು ಓದಿದಳು: ವಿಶೇಷ ತೊಂದರೆ ಏನೂ ಇಲ್ಲ. ದಿನಾ ನಡೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು ಒಳ್ಳೆಯದು.

ಅವಳ ರಕ್ತ ಕುದಿಯಬೇಕಿತ್ತು. ಕುದಿಯುವುದಕ್ಕೂ ಒಂದಿಷ್ಟು ರಕ್ತ ಬೇಕಲ್ಲ. ಬರೀ ಉಗುರುಬೆಚ್ಚಗಾಯಿತು.

ಹೆಡ್‌ಮಿಸ್ ಆ ಚೀಟಿಯನ್ನು ಎರಡು ಸಲ ಓದಿ, “ನೋಡಿ, ಡಾಕ್ಟರೇ ಹತ್ತಿ ಅಂದಿದ್ದಾರೆ” ಎಂದು ಸಂತೋಷದಿಂದ ಹಿಂದಿರುಗಿಸಿದರು. ಮನೆಯಲ್ಲಿ ಗಂಡ, “ನಾರ್ಮಲ್ ಅಂದ್ರೆ ಖುಷಿ ಪಡ್ಬೇಕು ಕಣೇ, ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ?” ಎಂದ. ಅತ್ತೆಗಂತೂ ಆ ಮಾತು ನಾಲಿಗೆಗೇ ಅಂಟಿಕೊಂಡಿತು. ಸೊಸೆ ಸಂಜೆ ಬಂದು ಐದು ನಿಮಿಷ ಸೋಫಾದ ಮೇಲೆ ಒರಗಿದರೆ ಸಾಕು, ಅಡುಗೆಮನೆಯಿಂದ ಪಾತ್ರೆಯ ಸದ್ದಿನ ಜೊತೆಗೇ ಬರುತ್ತಿತ್ತು: “ನಾರ್ಮಲ್ ಇರೋರು ಮಲಗವ್ರೆ, ಮಂಡಿ ಹೋದೋರು ನಿಂತವ್ರೆ. ಕಾಲ ಕೆಟ್ಟೋಯ್ತು.”

ಸ್ಟಾಫ್ ರೂಮಿನಲ್ಲಿ ಅವಳು ನಕ್ಷತ್ರದ ಡಾಕ್ಟರನ್ನು ಆಡಿ ತೋರಿಸಿದಾಗ ಉಳಿದ ಟೀಚರುಗಳು ಬಿದ್ದು ಬಿದ್ದು ನಕ್ಕರು. ಗದ್ದ ಕತ್ತಿನೊಳಗೆ, ಕನ್ನಡಕ ಮೂಗಿನ ತುದಿಗೆ, ಹಾಜರಿ ಪುಸ್ತಕ ತೋಳಿನುದ್ದಕ್ಕೆ: “ಟೀ...ಚರ್ ಅಲ್ವಾ!” ನಕ್ಕು ಮುಗಿಸಿ ಗಣಿತದ ಟೀಚರ್ ಫ್ರಿಜ್ಜಿನಿಂದ ಐಸ್ ತುಂಡುಗಳನ್ನು ತೆಗೆದು ಕಟಕಟ ಅಗಿಯತೊಡಗಿದಳು. ದಿನಕ್ಕೆ ಒಂದು ಟ್ರೇ ಅವಳಿಗೆ ಬೇಕೇ ಬೇಕು. ಚಿತ್ರಕಲೆಯ ಟೀಚರ್ ಮೇಜಿನ ಮೇಲೆ ತಲೆಯಿಟ್ಟು, “ಬೆಲ್ಲಾದ್ರೆ ಎಬ್ಬಿಸ್ರೇ” ಎಂದಳು. ಇದೆಲ್ಲ ಎಷ್ಟು ನಿತ್ಯದ್ದೆಂದರೆ ಯಾರೂ ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಅತ್ತೆಯ ಮಂಡಿ ಆಪರೇಷನ್ ನಿಗದಿಯಾಯಿತು. ಮನೆಯವರಲ್ಲಿ ಒಬ್ಬರು ಒಂದು ಬಾಟಲಿ ರಕ್ತ ಕೊಡಬೇಕು ಎಂದರು ಆಸ್ಪತ್ರೆಯವರು. ಗಂಡನಿಗೆ ಹಿಂದೊಮ್ಮೆ ಕಾಮಾಲೆಯಾಗಿತ್ತು, ಅವನದ್ದು ಬೇಡ. ಮೈದುನ ಊರಿನಲ್ಲಿರಲಿಲ್ಲ.

“ಇವಳಿದ್ದಾಳಲ್ಲ” ಎಂದರು ಅತ್ತೆ ಧಾರಾಳವಾಗಿ. “ಇವಳದ್ದು ಎಲ್ಲಾ ನಾರ್ಮಲ್ಲು. ರಿಪೋರ್ಟೇ ಇದೆ.”

ರಕ್ತನಿಧಿಯಲ್ಲಿ ಒಬ್ಬರು ಡಾಕ್ಟರಮ್ಮ ಕುಳಿತಿದ್ದರು. ಮುಂದೆ ಒಂದು ಗಾಜಿನ ಲೋಟ, ಅದರಲ್ಲಿ ನೀಲಿ ದ್ರಾವಣ. ಟೀಚರ ಬೆರಳು ಚುಚ್ಚಿ ಒಂದು ಹನಿ ತೆಗೆದು ಅದರೊಳಗೆ ಬಿಟ್ಟರು. ರಕ್ತ ಗಟ್ಟಿಯಾಗಿದ್ದರೆ ಹನಿ ಮುಳುಗುತ್ತದೆ, ಇಲ್ಲವಾದರೆ ಇಲ್ಲ ಎಂದು ಅವರು ಹೇಳುತ್ತಿದ್ದಂತೆಯೇ ಟೀಚರ ಹನಿ ಒಂದು ಗುಟುಕು ಕೆಳಗಿಳಿದು, ಏನೋ ಮರೆತವರಂತೆ ಯೋಚಿಸಿ, ಮೇಲೆ ಬಂದು ತೇಲುತ್ತ ನಿಂತಿತು.

“ನಿಮ್ಮ ಹತ್ರ ತಗೊಳ್ಳೋಕಾಗಲ್ಲಮ್ಮ” ಎಂದರು ಡಾಕ್ಟರಮ್ಮ.

ಗಾಲಿಕುರ್ಚಿಯಲ್ಲಿದ್ದ ಅತ್ತೆ ಮುಂದೆ ಬಾಗಿದರು. “ಇನ್ನೊಂದು ಸಲ ಬಿಡಿ ತಾಯಿ, ಸ್ವಲ್ಪ ಜೋರಾಗಿ.”

“ಜೋರಾಗಿ ಬಿಟ್ರೂ ಅದೇ ರಕ್ತ ಅಜ್ಜಿ.” ಡಾಕ್ಟರಮ್ಮ ಪುಟ್ಟ ಮೆಶಿನ್ನಿನಲ್ಲೂ ನೋಡಿದರು. “ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಎರಡು. ಬಸುರಿಯಲ್ಲದ ಹೆಂಗಸಿಗೆ ಹನ್ನೆರಡಾದ್ರೂ ಇರಬೇಕು. ರಕ್ತ ಕೊಡೋಕೆ ಇನ್ನೂ ಸ್ವಲ್ಪ ಮೇಲಿರಬೇಕು.”

“ಆದ್ರೆ ನನ್ನದು ನಾರ್ಮಲ್” ಎಂದಳು ಟೀಚರ್. ತಾನೇ ಅತ್ತೆಯ ಪರ ವಾದಿಸುತ್ತಿದ್ದೇನೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ರಿಪೋರ್ಟು ಡಾಕ್ಟರಮ್ಮನ ಕೈಯಲ್ಲಿತ್ತು.

“ಹಿಮೋಗ್ಲೋಬಿನ್ ಒಂಬತ್ತೂವರೆಯಿಂದಲೇ ನಾರ್ಮಲ್ಲಾ ಈ ಲ್ಯಾಬಲ್ಲಿ? ಫೆರಿಟಿನ್ನು, ಅಂದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ, ನಿಮ್ಮದು ಆರು. ಇವರ ಲೆಕ್ಕದಲ್ಲಿ ನಾಲ್ಕರ ಮೇಲಿದ್ರೆ ಸಾಕಂತೆ. ಉಗ್ರಾಣದಲ್ಲಿ ಇಲಿಗೂ ಏನಿಲ್ಲ ಇಲ್ಲಿ! ಮಣ್ಣು, ಸುಣ್ಣ, ಐಸು ತಿನ್ನೋ ಆಸೆ ಹುಟ್ಟೋದೂ ಇದರಿಂದಲೇ. ಯಾರು ಹಾಕಿದ್ರು ಈ ಗೆರೆ?”

“ಹಾಗಂತ ಒಂದು ಕಾಗದ ಬರ್ಕೊಡ್ತೀರಾ?”

“ನಾನು ರಕ್ತ ತಗೊಳ್ಳೋಳಮ್ಮ, ಕಾಗದ ಕೊಡೋಳಲ್ಲ. ನಿಮ್ಮ ಡಾಕ್ಟರೇ ಬರೀಬೇಕು.”

ವಾರ್ಡಿಗೆ ಮರಳುವಾಗ ಗಾಲಿಕುರ್ಚಿ ತಳ್ಳುತ್ತಿದ್ದವಳು ಟೀಚರೇ. ಅತ್ತೆ ತಿರುಗದೆಯೇ ನೊಂದುಕೊಂಡರು. “ಒಂದು ಹನಿ. ಮುಳುಗಿಸೋಕಾಗ್ಲಿಲ್ವಲ್ಲ ನಿನ್ನ ಕೈಲಿ.”

ಮಾರನೆಯ ದಿನ ನಕ್ಷತ್ರದ ಡಾಕ್ಟರು ಎಲ್ಲ ಕೇಳಿಸಿಕೊಂಡು ಮಾತನ್ನೂ ತೇಲಿಸಿದರು. “ರಕ್ತನಿಧಿಯ ಲೆಕ್ಕವೇ ಬೇರೆ, ಲ್ಯಾಬಿನ ಲೆಕ್ಕವೇ ಬೇರೆ. ಲ್ಯಾಬಿನವರು ನಕ್ಷತ್ರ ಹಾಕ್ಲಿ, ಈ ಕ್ಷಣ ಬರ್ಕೊಡ್ತೀನಿ. ಹಾಕ್ದೇ ಇರೋದನ್ನ ನಾನೆಲ್ಲಿಂದ ತರ್ಲಿ? ಆಕಾಶದಿಂದಾ?”

ಹೀಗೆ ಟೀಚರ್ ಲ್ಯಾಬಿಗೆ ಹೋದಳು. ಲ್ಯಾಬು ಒಂದನೇ ಮಹಡಿಯಲ್ಲಿತ್ತು. ಲಿಫ್ಟ್ ರಿಪೇರಿಯಲ್ಲಿತ್ತು.

ಲ್ಯಾಬಿನ ಒಡೆಯರೂ ಡಾಕ್ಟರೇ. ಅವರು ಒಳ್ಳೆಯ ಮನುಷ್ಯ, ಏದುಸಿರು ಬಿಡುತ್ತ ಬಂದವಳಿಗೆ ಮೊದಲು ಕುರ್ಚಿ ಕೊಟ್ಟು, ಆಮೇಲೆ ಏನೆಂದು ಕೇಳಿದರು. ಒಂಬತ್ತೂವರೆಯ ಗೆರೆ ಯಾರು ಎಳೆದದ್ದು ಎಂದಾಗ ಅವರ ಮುಖ ಮದುವೆಮನೆಯ ದೀಪದಂತೆ ಬೆಳಗಿತು.

“ನಾವೇ! ಎಲ್ರೂ ಮೆಶಿನ್ ಜೊತೆ ಬಂದ ಪುಸ್ತಕದಲ್ಲಿರೋ ಅಂಕಿ ನಕಲು ಹೊಡೀತಾರೆ. ನಾವು ಮಾತ್ರ ಇಲ್ಲಿನ ಜನರ ರಕ್ತಾನೇ ಪರೀಕ್ಷೆ ಮಾಡಿ ನಮ್ಮದೇ ಅಂಕಿ ತಯಾರು ಮಾಡಿದ್ದೀವಿ. ಎರಡು ವರ್ಷದ ಕೆಲಸ ಅದು.”

“ಯಾಕೆ? ಪುಸ್ತಕಕ್ಕೇನಾಗಿತ್ತು?”

“ಪುಸ್ತಕದ ಪ್ರಕಾರ ಬಂದ ಹೆಂಗಸರಿಗೆಲ್ಲ ನಕ್ಷತ್ರ! ಒಂದೊಂದು ರಿಪೋರ್ಟೂ ಅಮಾವಾಸ್ಯೆ ಆಕಾಶದ ಹಾಗೆ. ಡಾಕ್ಟರುಗಳು ಫೋನ್ ಮಾಡಿ, ನಿಮ್ಮ ಮೆಶಿನ್ ಕೆಟ್ಟಿದೆ ಅಂತ ಬೈಯೋರು. ಕಂಪನಿಯವರು ಬಂದು ನೋಡಿ, ಮೆಶಿನ್ ಸರಿಯಾಗೇ ಇದೆ ಅಂದ್ರು. ಹಾಗಾದ್ರೆ ಪುಸ್ತಕದ ಅಂಕಿ ನಮ್ಮೋರಿಗೆ ಹೊಂದಲ್ಲ ಅಂತ ಆಯ್ತಲ್ಲ.”

“ಇಲ್ಲಾಂದ್ರೆ, ಹೆಂಗಸರ ರಕ್ತ ನಿಜವಾಗ್ಲೂ ಕಡಿಮೆ ಇತ್ತು ಅಂತ.”

ಲ್ಯಾಬಿನ ಡಾಕ್ಟರು ಪ್ರಾಮಾಣಿಕವಾಗಿ ಬೆರಗಾದರು. “ಎಲ್ಲರದ್ದೂನಾ?”

ಆಮೇಲೆ ಚೇತರಿಸಿಕೊಂಡು ವಿವರಿಸಿದರು. ಆರೋಗ್ಯವಂತ ಹೆಂಗಸರನ್ನು ನೂರಕ್ಕೂ ಹೆಚ್ಚು ಜನ ಆರಿಸಬೇಕು. ಹದಿನೆಂಟರಿಂದ ನಲವತ್ತೈದರ ಒಳಗಿನವರು, ಬಸುರಿಯರಲ್ಲ, ಕಾಯಿಲೆಯಿಲ್ಲ, ಆಯಾಸವಿಲ್ಲ. ಅವರ ರಕ್ತ ತೆಗೆದು, ಎರಡೂ ತುದಿಯ ಕೆಲವರನ್ನು ಬಿಟ್ಟು, ನಡುವೆ ಉಳಿದವರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದೇ ನಾರ್ಮಲ್.

“ನಾನು ಎರಡನೇ ಕ್ಲಾಸಿನ ಟೀಚರ್, ನನಗೆ ನನ್ನ ಭಾಷೇಲಿ ಹೇಳಿ” ಎಂದಳು ಟೀಚರ್. “ಕ್ಲಾಸಿನಲ್ಲಿ ಎಲ್ಲರೂ ನೂರಕ್ಕೆ ಇಪ್ಪತ್ತು ತಗೊಂಡ್ರೆ, ಇಪ್ಪತ್ತೇ ಪಾಸಾ?”

“ಹ್ಞಾಂ, ಸರಿಯಾಗಿ ಹೇಳಿದ್ರಿ!” ಎಂದ ಅವರು, ಒಂದು ಗಳಿಗೆ ಬಿಟ್ಟು, “ಅಲ್ಲ, ಹಾಗಲ್ಲ” ಎಂದರು. “ನಾವು ಜಾಣ ಮಕ್ಕಳನ್ನೇ ಆರಿಸಿದ್ವಿ. ಓದಿದೋರು, ಲವಲವಿಕೆ ಇರೋರು, ದಿನಾ ಕೆಲಸಕ್ಕೆ ಹೋಗೋರು. ಒಂದು ಶಿಕ್ಷಣ ಸಂಸ್ಥೆಯ ಐದು ಶಾಲೆಗಳ ಟೀಚರುಗಳು. ಆರೋಗ್ಯ ದಿನದ ದಿವಸ ಹೋಗಿ...”

ಅವರು ಹೇಳಿದ ಶಾಲೆಗಳ ಹೆಸರುಗಳಲ್ಲಿ ಎರಡನೆಯದು ಅವಳದ್ದೇ.

ಟೀಚರಿಗೆ ಎಲ್ಲ ನೆನಪಾಯಿತು. ಸಭಾಂಗಣದಲ್ಲಿ ಸಾಲು, ಹತ್ತಿಯ ಉಂಡೆ, ಬಿಸ್ಕತ್ತು, ಒಂದು ಲೋಟ ಜ್ಯೂಸು. ಒಂದು ಪ್ರಶ್ನೆಪತ್ರಿಕೆ: ನಿಮಗೆ ಆಯಾಸ, ತಲೆಸುತ್ತು ಇದೆಯೇ? ಪಕ್ಕದಲ್ಲೇ ಹೆಡ್‌ಮಿಸ್. “ಎಲ್ಲದಕ್ಕೂ ಇಲ್ಲ ಅಂತ ಬರೀರಿ ಮಿಸ್, ಸಂಸ್ಥೆಯವರು ನೋಡ್ತಾರೆ. ನಮ್ಮ ಶಾಲೇಲಿ ಯಾರಿಗೂ ಏನೂ ಇಲ್ಲ.” ಕುಟ್. ಐಸ್ ಅಗಿಯುವ ಗಣಿತ “ಇಲ್ಲ” ಎಂದು ಬರೆದಿತ್ತು. ತೂಕಡಿಸುವ ಚಿತ್ರಕಲೆ “ಇಲ್ಲ” ಎಂದು ಬರೆದಿತ್ತು. ಎಲ್ಲರಿಗಿಂತ ಮೊದಲು ಇಲ್ಲ ಎಂದು ಬರೆದು ತೋಳು ಚಾಚಿದವರು ಸ್ವತಃ ಹೆಡ್‌ಮಿಸ್. ಅವರಿಗೂ ಆಗ ನಲವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ.

“ಆ ನೂರು ಜನದಲ್ಲಿ ನಾನೂ ಇದ್ದೀನಿ” ಎಂದಳು ಟೀಚರ್. “ನನ್ನನ್ನ ನನ್ನ ಜೊತೇನೇ ಹೋಲಿಸಿ ನಾರ್ಮಲ್ ಅಂದಿದ್ದೀರಿ.”

“ಅವತ್ತು ನಿಮಗೆ ಆಯಾಸ ಇತ್ತಾ?”

“ಇತ್ತು.”

“ಮತ್ತೆ ಇಲ್ಲ ಅಂತ ಬರೆದ್ರಾ?” ಅವರ ದನಿಯಲ್ಲಿ ನಿಜವಾದ ನೋವಿತ್ತು. “ಹೀಗೆ ಮಾಡಿದ್ರೆ ವಿಜ್ಞಾನ ಹೇಗಮ್ಮಾ ಬೆಳೆಯೋದು?”

“ವಿಜ್ಞಾನ ಬೆಳೀಲಿ, ನಾನು ಬೇಡ ಅಂತೀನಾ? ಅದರ ಪಕ್ಕದಲ್ಲಿ ಹೆಡ್‌ಮಿಸ್ಸನ್ನ ನಿಲ್ಲಿಸಿದ್ದು ಯಾರು? ನಿಮ್ಮ ಹೆಂಡತೀನ ಯಾವತ್ತಾದ್ರೂ ಸುಸ್ತಾ ಅಂತ ಕೇಳಿದ್ದೀರಾ? ಏನಂತಾರೆ?”

“ನನಗೇನಾಗಿದೆ, ಚೆನ್ನಾಗೇ ಇದ್ದೀನಿ ಅಂತಾಳೆ.”

“ಅವರ ರಕ್ತಾನೂ ಇದರಲ್ಲಿ ಸೇರಿಸಿದ್ದೀರಾ?”

ಅವರು ಕಂಪ್ಯೂಟರಿನತ್ತ ತಿರುಗಿ ತುಂಬಾ ಹೊತ್ತು ಏನೋ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದರು. ಕೊನೆಗೆ ಪುಸ್ತಕದ ಅಂಕಿಗಳನ್ನೇ ಹಾಕಿ ಅವಳ ರಿಪೋರ್ಟನ್ನು ಹೊಸದಾಗಿ ಮುದ್ರಿಸಿದರು. ಪ್ರಿಂಟರು ಕೊರ್ ಎಂದು ಉಗುಳಿದ ಹಾಳೆಯಲ್ಲಿ ಹಿಮೋಗ್ಲೋಬಿನ್ನಿಗೆ ಒಂದು, ಫೆರಿಟಿನ್ನಿಗೆ ಒಂದು, ಕೆಂಪು ರಕ್ತಕಣದ ಗಾತ್ರಕ್ಕೆ ಒಂದು, ಹೀಗೆ ಸಾಲಾಗಿ ನಕ್ಷತ್ರಗಳು.

“ಎಲ್ಲರದ್ದನ್ನೂ ಬದಲಾಯಿಸ್ತೀನಿ” ಎಂದರು ಸಣ್ಣ ದನಿಯಲ್ಲಿ. “ಆದ್ರೆ ನಮ್ಮದೇ ಅಂಕಿ ಮತ್ತೆ ಮಾಡ್ಬೇಕು ಅಂದ್ರೆ ಹೊಸಬರು ಬೇಕು. ನಿಜವಾಗ್ಲೂ ಸುಸ್ತಿಲ್ಲದ ಹೆಂಗಸರು. ನಿಮಗೆ ಯಾರಾದ್ರೂ ಗೊತ್ತಾ?”

ಟೀಚರ್ ನಾದಿನಿಯನ್ನು ನೆನೆದಳು, ಅಕ್ಕನನ್ನು ನೆನೆದಳು, ಎದುರುಮನೆಯವಳನ್ನು, ಬಸ್ಸಿನಲ್ಲಿ ಪಕ್ಕ ಕೂತು ಹೆಗಲ ಮೇಲೆ ನಿದ್ದೆ ಹೋಗುವವಳನ್ನು ನೆನೆದಳು. “ಯೋಚಿಸಿ ಹೇಳ್ತೀನಿ” ಎಂದಳು.

ಹೊಸ ರಿಪೋರ್ಟು ನೋಡಿದ ನಕ್ಷತ್ರದ ಡಾಕ್ಟರು ಹೌಹಾರಿದರು. “ಏನಮ್ಮಾ ಇದು! ಇಷ್ಟೊಂದು ಕಡಿಮೆ ಇಟ್ಕೊಂಡು ಇಷ್ಟು ದಿನ ಯಾಕೆ ಬರ್ಲಿಲ್ಲ?” ಅವಳು ಬಾಯಿ ತೆರೆದು, ಮತ್ತೆ ಮುಚ್ಚಿದಳು. ಕಾಗದ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಮೇಲು. ಅವರು ಕಬ್ಬಿಣದ ಮಾತ್ರೆ ಬರೆದರು, ಸ್ತ್ರೀರೋಗ ತಜ್ಞರಿಗೆ ಚೀಟಿ ಕೊಟ್ಟರು, ರಕ್ತಹೀನತೆ ಇದೆ, ಮೆಟ್ಟಿಲು ಹತ್ತಬಾರದು ಎಂದು ದೊಡ್ಡ ಅಕ್ಷರದಲ್ಲಿ ಕಾಗದ ಕೊಟ್ಟರು. ಮೈದುನ ಬಂದು ರಕ್ತ ಕೊಟ್ಟ ಮೇಲೆ ಆಪರೇಷನ್ ಮುಗಿಸಿ ಮನೆಯಲ್ಲಿ ಕಾಲು ಚಾಚಿದ್ದ ಅತ್ತೆ ವಿಷಯ ಕೇಳಿ, “ನಾನು ಅವತ್ತೇ ಹೇಳಿರ್ಲಿಲ್ವಾ, ಇವಳು ನಾರ್ಮಲ್ ಅಲ್ಲ ಅಂತ?” ಎಂದು ಮಗನನ್ನು ದಬಾಯಿಸಿದರು.

ಇನ್ನು ಉಳಿದದ್ದು ಹೆಡ್‌ಮಿಸ್. ಅವರು ಕಾಗದ ಓದಿದರು. ಲ್ಯಾಬಿನ ಕತೆಯನ್ನು ಪೂರ್ತಿ ಕೇಳಿದರು. ಪೆನ್ನು ಗಾಳಿಯಲ್ಲೇ ನಿಂತಿತ್ತು.

“ಅಂದ್ರೆ ನಿಮ್ಮ ರಕ್ತಾನೂ ಸ್ಟಾಫ್ ರೂಮಿನ ಎಲ್ಲರ ರಕ್ತಾನೂ ಒಂದೇ ಥರ.”

“ಹೌದು ಮಿಸ್.”

“ಮತ್ತೆ ನಿಮಗೊಬ್ಬರಿಗೇ ಕೆಳಗಿನ ರೂಮು ಹೇಗೆ ಕೊಡ್ಲಿ? ನಾಳೆ ಎಲ್ರೂ ಇದೇ ಕಾಗದ ತರ್ತಾರೆ. ಎಲ್ರಿಗೂ ಇದ್ದ ಮೇಲೆ ಅದು ಕಾಯಿಲೆ ಹೇಗಾಗುತ್ತೆ?” ಕುಟ್.

ಟೀಚರಿಗೆ ಇದೊಂದು ಕಬ್ಬಿಣದ ಕಡಲೆಯನ್ನು ಅಗಿಯಲಾಗಲಿಲ್ಲ. ಕಾಯಿಲೆಯಿಲ್ಲ ಎನ್ನುವಾಗ ಎಲ್ಲರಂತೆ ಇದ್ದೀಯ ಎಂದು ಕಾಗದ ಸಿಗಲಿಲ್ಲ. ಕಾಗದ ಸಿಕ್ಕ ಮೇಲೆ ಎಲ್ಲರಂತೆ ಇದ್ದೀಯ ಎಂದು ಕೋಣೆ ಸಿಗುವುದಿಲ್ಲ. ಅವಳು ಕಾಗದವನ್ನು ಮಡಿಚಿ ಅಲ್ಲೇ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಬೆಲ್ಲಾಯಿತು. ಮೆಟ್ಟಿಲು ನೋಡಿದಳು. ಒಂದು ಕಾಲನ್ನೂ ಎತ್ತಲಿಲ್ಲ. ಮೇಲಿನ ಕಂಬಿಯಲ್ಲಿ ತೂಗುತ್ತಿದ್ದ ಪುಟ್ಟ ತಲೆಗಳಿಗೆ, “ಎಲ್ಲಾ ಕೆಳಗೆ ಬನ್ನಿ! ಚೀಲ ತಗೊಂಡು!” ಎಂದು ಕೂಗಿದಳು.

ಮಕ್ಕಳು ಧಬಧಬ ಇಳಿದವು. ಹೆಡ್‌ಮಿಸ್ ಕೋಣೆಯ ಮುಂದಿನ ವರಾಂಡದಲ್ಲಿ ಸಾಲಾಗಿ ಕೂತವು. ಟೀಚರ್ ಒಂದು ಕುರ್ಚಿ ಎಳೆದುಕೊಂಡು ಏಳರ ಮಗ್ಗಿ ಹೇಳಿಸಿದಳು. ಏಳೊಂದ್ಲಿ ಏಳು ಎಂದಾಗ ಹೆಡ್‌ಮಿಸ್ ಬಾಗಿಲು ಮುಚ್ಚಿದರು. ಏಳೈದ್ಲಿ ಮೂವತ್ತೈದು ಎಂದಾಗ ಬಾಗಿಲು ತೆರೆದರು. ಏಳೆಂಟ್ಲಿ ಐವತ್ತಾರಕ್ಕೆ ಹೊರಗೆ ಬಂದರು. ಮಕ್ಕಳ ಮಗ್ಗಿ ಗಕ್ಕನೆ ನಿಂತಿತು.

“ಇದೇನು ಮಿಸ್, ಮುಷ್ಕರಾನಾ?”

“ಅಲ್ಲ ಮಿಸ್. ಮಗ್ಗಿ. ಇವರಿಗೆ ಇಳಿಯೋಕಾಗುತ್ತೆ, ನನಗೆ ಹತ್ತೋಕಾಗಲ್ಲ. ಮೂರನೇ ಮೆಮೊ ಕೊಡಿ, ಕೂತ್ಕೊಂಡೇ ತಗೋತೀನಿ. ನಾಳೇನೂ ಇಲ್ಲೇ ಇರ್ತೀನಿ.”

ಹೆಡ್‌ಮಿಸ್ ಬೈಯಲು ಉಸಿರೆಳೆದುಕೊಂಡರು. ಎಳೆದುಕೊಂಡ ಉಸಿರು ಮಾತಿಗೆ ಸಾಲಲಿಲ್ಲವೋ ಏನೋ, ಬಾಗಿಲಿನ ಚೌಕಟ್ಟು ಹಿಡಿದು ನಿಂತುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಟೀಚರ್ ಆಟದ ಹುಡುಗಿ ಕಣ್ಣರಳಿಸಿ ನೋಡಿದಳು. ಅವರು ಗೋಡೆಗೆ ಕೈಯೂರಿ, ಮೆಲ್ಲಗೆ ಬಂದು, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಶಾಲೆಯಲ್ಲಿ ಯಾರೂ ಅವರು ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿರಲಿಲ್ಲ.

“ಆ ಮಾತ್ರೆ” ಎಂದರು ದನಿ ತಗ್ಗಿಸಿ, “ಊಟಕ್ಕೆ ಮುಂಚೇನಾ, ಆಮೇಲಾ?”

“ಮುಂಚೆ ಮಿಸ್. ಖಾಲಿ ಹೊಟ್ಟೇಲಿ. ಅದರ ಹಿಂದೆ ಮುಂದೆ ಟೀ ಕುಡೀಬಾರ್ದಂತೆ, ಕಬ್ಬಿಣ ಮೈಗೆ ಹತ್ತಲ್ವಂತೆ.”

“ಟೀ ಬಿಡೋದಾ!” ಹೆಡ್‌ಮಿಸ್ ಮುಖದಲ್ಲಿ ಆವರೆಗೆ ಯಾವ ಮೆಮೊದಲ್ಲೂ ಕಾಣದ ಗಾಬರಿ ಕಂಡಿತು. “ಬೆಳಿಗ್ಗೆದೂನಾ?”

“ಸ್ವಲ್ಪ ಹೊತ್ತು ಬಿಟ್ಟು ಕುಡಿದ್ರೆ ಪರವಾಗಿಲ್ವಂತೆ.”

“ಹಾಗೆ ಹೇಳಿ ಮತ್ತೆ. ಜೀವ ಹೋಯ್ತು.” ಅವರು ಅಟೆಂಡರನ್ನು ಕೂಗಿ ಸ್ಟೋರ್ ರೂಮಿನ ಬೀಗದ ಕೈ ತರಲು ಹೇಳಿದರು. “ಇವತ್ತೇ ಖಾಲಿ ಆಗ್ಬೇಕು. ಈ ಗಲಾಟೇಲಿ ನನಗೆ ಕೆಲಸ ಮಾಡೋಕಾಗಲ್ಲ.” ಮತ್ತೆ ಟೀಚರ ಕಡೆ ತಿರುಗಿ, “ಸ್ಟಾಫ್ ರೂಮಿನಲ್ಲಿ ಹೇಳ್ಬೇಡಿ” ಎಂದರು.

“ಯಾವುದನ್ನ ಮಿಸ್? ರೂಮಿನ ವಿಷಯಾನಾ, ಮಾತ್ರೆಯದ್ದಾ?”

“ನಾನು ಕೂತಿದ್ದು” ಎಂದರು ಹೆಡ್‌ಮಿಸ್. ಏಳಲು ಮಾತ್ರ ಅವಸರ ಮಾಡಲಿಲ್ಲ.